ಮಹಡಿ ಮನೆಯ ಪುರುಡು

ಅಮ್ಮಯಮ್ಮ ಮಗನ ಹತ್ತಿರ ಮಾತು ಬಿಟ್ಟು ಅವತ್ತಿಗೆ ನಾಲ್ಕು ದಿನ. ಮಾತು ಬಿಟ್ಟಿದ್ದಳೇ ಹೊರತು ಬೈಯುವುದನ್ನು ಬಿಟ್ಟಿರಲಿಲ್ಲ. ಬೈಗುಳವನ್ನೆಲ್ಲ ಸೊಸೆಯ ಕೈಲಿ ಕಳಿಸುತ್ತಿದ್ದಳು.

"ಜ್ಯೋತಿ, ನಿನ್ನ ಗಂಡಂಗೆ ಇನ್ನೊಂದು ಮುದ್ದೆ ಬೇಕಾ ಕೇಳು. ಹೊಟ್ಟೆ ತುಂಬಿದ್ರೆ ತಾನೆ ದಿನ ತುಂಬಿದ ಬಸುರೀನ ಆಚೆ ಕಳ್ಸೋಕೆ ಶಕ್ತಿ ಬರೋದು."

ಜ್ಯೋತಿಲಕ್ಷ್ಮಿ ಕೇಳಬೇಕಾದ್ದೇನೂ ಇರಲಿಲ್ಲ. ಮೂವರೂ ಕೂತಿದ್ದದ್ದು ಒಂದೇ ಅಡುಗೆಮನೆಯಲ್ಲಿ, ಒಂದೇ ಬಸ್ಸಾರಿನ ಪಾತ್ರೆಯ ಸುತ್ತ.

"ಅಮ್ಮಂಗೆ ಹೇಳು," ಅಂದ ಕೆಂಪರಾಜ, ತಟ್ಟೆಯಿಂದ ತಲೆಯೆತ್ತದೆ, "ನಾನೇನು ಇವತ್ತೇ ಹೋಗು ಅಂದಿಲ್ಲ. ಊರಮ್ಮನ ಆರತಿಗೆ ಮುಂಚೆ ಖಾಲಿ ಮಾಡಿ ಅಂದಿದೀನಿ. ಇನ್ನೂ ಹದಿನೆಂಟು ದಿನ ಇದೆ."

"ನಿನ್ನ ಗಂಡಂಗೆ ಹೇಳು, ಮಕ್ಕಳು ಕ್ಯಾಲೆಂಡರ್ ನೋಡ್ಕೊಂಡು ಹುಟ್ಟಲ್ಲ ಅಂತ."

ಜ್ಯೋತಿಲಕ್ಷ್ಮಿ ಇಬ್ಬರಿಗೂ ಏನೂ ಹೇಳದೆ ಮಜ್ಜಿಗೆ ಬಗ್ಗಿಸಿದಳು. ಹದಿನೆಂಟು ವರ್ಷ ಈ ತಾಯಿ ಮಗನ ನಡುವೆ ಬಾಳಿದವಳಿಗೆ ಯಾವಾಗ ಬಾಯಿ ತೆರೆಯಬಾರದು ಅನ್ನುವುದು ಚೆನ್ನಾಗಿ ಗೊತ್ತಿತ್ತು.

ಜಗಳಕ್ಕೆ ಕಾರಣ ಮಹಡಿಯ ಮೇಲಿತ್ತು. ಬೂದಿಗೆರೆಯಿಂದ ಎರಡು ಮೈಲಿ ದೂರದ ಆ ಊರಿನಲ್ಲಿ ಕೆಂಪರಾಜ ಹಳೇ ಮನೆಯ ಮೇಲೆ ಒಂದು ರೂಮು, ಒಂದು ಅಡುಗೆಮನೆ ಕಟ್ಟಿ ಬಾಡಿಗೆಗೆ ಬಿಟ್ಟಿದ್ದ. ಬಂದವರು ನೈಜೀರಿಯಾದ ಗಂಡ ಹೆಂಡತಿ, ಒಬಿನ್ನಾ ಮತ್ತು ಅದೋರಾ. ಇಬ್ಬರೂ ಹತ್ತಿರದ ಕಾಲೇಜೊಂದರಲ್ಲಿ ಓದುತ್ತಿದ್ದರು. ಅವರಿಗೆ ಮನೆ ಕೊಡುವ ಮುಂಚೆ ಕೆಂಪರಾಜನೂ ಎರಡು ದಿನ ಯೋಚಿಸಿದ್ದ, ಆದರೆ ಕೊಟ್ಟಮೇಲೆ ಒಂದೂವರೆ ವರ್ಷದಲ್ಲಿ ಒಂದು ದಿನವೂ ಕೊರಗುವಂತಾಗಿರಲಿಲ್ಲ. ಅದೋರಾ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ "ಅಜ್ಜಿ, ತಿಂಡಿ ಆಯ್ತಾ?" ಅನ್ನುತ್ತಿದ್ದಳು, ಸಂಜೆ ಹತ್ತುವಾಗ "ಅಜ್ಜಿ, ಊಟ ಆಯ್ತಾ?" ಅನ್ನುತ್ತಿದ್ದಳು. ಅಷ್ಟು ಕನ್ನಡಕ್ಕೇ ಅಮ್ಮಯಮ್ಮ ಸೋತುಹೋಗಿದ್ದಳು. ಸ್ವಂತ ಮೊಮ್ಮಗಳು ಸಿಂಚನ ಹೊಸಕೋಟೆಗೆ ಕಾಲೇಜಿಗೆ ಹೋಗಿ ಬರುವಾಗ ಫೋನಿನಿಂದ ತಲೆಯನ್ನೇ ಎತ್ತುತ್ತಿರಲಿಲ್ಲ.

ಜೂನ್‌ನಲ್ಲಿ ಒಬಿನ್ನಾನ ತಂದೆ ತೀರಿಕೊಂಡರು. ಮಣ್ಣಿಗೆ ಅಂತ ಊರಿಗೆ ಹೋದ ಒಬಿನ್ನಾ ವಾಪಸು ಬರಲು ವೀಸಾ ಕಾಗದ ಸಿಗದೆ ಅಲ್ಲೇ ಸಿಕ್ಕಿಕೊಂಡ. ಬಾಣಂತನಕ್ಕೆ ಬರಬೇಕಾಗಿದ್ದ ಅದೋರಾಳ ತಾಯಿಗೂ ಅದೇ ಕಥೆ. ಹುಡುಗಿ ಎಂಟು ತಿಂಗಳ ಬಸುರಿಯಾಗಿ ಮಹಡಿಯ ಮೇಲೆ ಒಬ್ಬಳೇ ಉಳಿದಳು.

ಆಮೇಲೊಂದು ಭಾನುವಾರ ಅವಳ ದೇಶದ ಹದಿಮೂರು ಜನ ಹೆಂಗಸರು ಮೂರು ಆಟೋದಲ್ಲಿ ಬಂದಿಳಿದರು. ಕೈಯಲ್ಲಿ ಪಾತ್ರೆ, ತಲೆಗೆ ಬಣ್ಣಬಣ್ಣದ ಬಟ್ಟೆ. ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಪ್ರಾರ್ಥನೆ ಮಾಡಿದರು, ಹಾಡಿದರು, ಉಂಡರು. ಸಂಜೆ ಆರು ಗಂಟೆಗೆ ಪಾತ್ರೆ ತೊಳೆದುಕೊಂಡು, ಒಬ್ಬಳನ್ನು ಬಿಟ್ಟು ಉಳಿದವರೆಲ್ಲ ಹೊರಟುಹೋದರು. ಅಷ್ಟರಲ್ಲಿ ಕೆಂಪರಾಜನ ಮಹಡಿಯ ಮೇಲೆ ಪಾರ್ಟಿ ನಡೀತಿದೆ ಅಂತ ಊರಿಗೆಲ್ಲ ಸುದ್ದಿಯಾಗಿತ್ತು.

ಜ್ಯೋತಿಲಕ್ಷ್ಮಿ ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಮಗಳನ್ನೂ ಕರೆದುಕೊಂಡು ಮಹಡಿ ಹತ್ತಿದಳು. ಗೋಡೆಗೆ ಹೊಸದೊಂದು ಹಾಳೆ ಅಂಟಿಸಿದ್ದರು. ಉದ್ದಕ್ಕೆ ವಾರಗಳು, ಅಡ್ಡಕ್ಕೆ ಹೆಸರುಗಳು. ಎದುರಿಗೆ ನೆಲ ಒರೆಸುತ್ತ ಕೂತಿದ್ದವಳು ಆ ಹೆಂಗಸರ ಗುಂಪಿನ ಹಿರಿಯಳು, ಹೆಸರು ಪೇಷನ್ಸ್. ಎಲ್ಲರೂ ಅವಳನ್ನು ಆಂಟಿ ಅನ್ನುತ್ತಿದ್ದರು. ಕೊತ್ತನೂರಿನಲ್ಲಿ ತಮ್ಮ ಜನಕ್ಕೆ ಅಡುಗೆ ಮಾಡಿ ಹಾಕುತ್ತ ಹದಿನಾಲ್ಕು ವರ್ಷದಿಂದ ಇಲ್ಲೇ ಇದ್ದವಳು. ಕನ್ನಡ ಅರ್ಧ, ಹಿಂದಿ ಅರ್ಧ, ಉಳಿದ ಇಂಗ್ಲಿಷನ್ನು ತಿರುಗಿಸಿ ಹೇಳುವುದು ಸಿಂಚನಳ ಪಾಲಿಗೆ.

"ಇದೇನು ಆಂಟಿ, ಟೈಂಟೇಬಲ್ಲಾ?" ಅಂದಳು ಸಿಂಚನ.

"ಅಮ್ಮಂದಿರ ಪಟ್ಟಿ," ಅಂದಳು ಪೇಷನ್ಸ್. "ನಮ್ಮ ಕಡೆ ಮಗಳು ಹೆತ್ತರೆ ಅವಳ ತಾಯಿ ಬಂದು ಇರಬೇಕು. ಬಿಸಿನೀರು ಹಾಕಬೇಕು, ಹೊಟ್ಟೆ ಒತ್ತಬೇಕು, ಖಾರದ ಸಾರು ಕುಡಿಸಬೇಕು. ಓಮುಗ್ವೊ ಅಂತೀವಿ ಅದನ್ನ. ಇವಳ ತಾಯಿ ಬರೋಕಾಗಲ್ಲ. ಅದಕ್ಕೆ ಎಲ್ಲರೂ ಒಂದೊಂದು ದಿನ ತಾಯಿ."

"ನೀವೆಲ್ಲ ನೆಂಟರಾ?" ಜ್ಯೋತಿಲಕ್ಷ್ಮಿ ಕೇಳಿದಳು.

ಪೇಷನ್ಸ್ ನಕ್ಕಳು. "ಇವಳನ್ನ ನಾನು ನೋಡಿದ್ದೇ ಹೋದ ಡಿಸೆಂಬರಲ್ಲಿ."

"ಯಾರಾದ್ರೂ ಸರದಿ ತಪ್ಪಿಸಿದ್ರೆ?"

"ಮುಂದಿನ ಸಲ ಹದಿಮೂರು ಜನದ ಎಂಜಲು ಪಾತ್ರೆ ಅವಳೇ ತೊಳೀಬೇಕು. ಇವತ್ತಿನವರೆಗೂ ಯಾರೂ ತಪ್ಪಿಸಿಲ್ಲ."

ಒರೆಸುವ ಬಟ್ಟೆ ಹಿಂಡುತ್ತ ಅವಳು ಇನ್ನೊಂದು ಮಾತು ಹೇಳಿದಳು. ಅವಳ ಮಗ ಹುಟ್ಟಿದಾಗ ಇಂಥ ಪಟ್ಟಿ ಇರಲಿಲ್ಲವಂತೆ. ಆಸ್ಪತ್ರೆಯಿಂದ ಮಗು ಎತ್ತಿಕೊಂಡು ಬಸ್ಸಿನಲ್ಲಿ ಬಂದಳಂತೆ, ಮಾರನೇ ದಿನ ತಾನೇ ಬಟ್ಟೆ ಒಗೆದಳಂತೆ. "ಇನ್ನು ಯಾರಿಗೂ ಹಾಗಾಗಬಾರದು ಅಂತ ಅವತ್ತು ಅಂದ್ಕೊಂಡೆ," ಅಂದಳು. ಸಿಂಚನ ಅದನ್ನು ಕನ್ನಡಕ್ಕೆ ತಿರುಗಿಸುವಾಗ ದನಿ ಸಣ್ಣಗಾಯಿತು.

ಜ್ಯೋತಿಲಕ್ಷ್ಮಿಗೆ ತನ್ನ ಬಾಣಂತನ ನೆನಪಾಯಿತು. ಸಿಂಚನ ಹುಟ್ಟುವ ಎರಡು ವರ್ಷ ಮುಂಚೆಯೇ ಅವಳ ತಾಯಿ ಹೋಗಿದ್ದಳು. ತವರಿಗೆ ಕಳಿಸಿದರೆ ನೀರು ಹಾಕುವವರು ಯಾರು ಅಂತ ಅಮ್ಮಯಮ್ಮ ತಾನೇ ಟೊಂಕ ಕಟ್ಟಿದ್ದಳು. ಅತ್ತೆ ಬಾಣಂತನ ಮಾಡುವುದುಂಟಾ ಅಂತ ಊರು ಆಡಿಕೊಂಡಿತ್ತು. ಅಮ್ಮಯಮ್ಮ ಮೂರು ತಿಂಗಳು ಹಂಡೆ ಒಲೆ ಆರಲು ಬಿಡಲಿಲ್ಲ, ಬೈಯುವುದನ್ನೂ ನಿಲ್ಲಿಸಲಿಲ್ಲ. ಆ ನೀರಿನ ಬಿಸಿ ಜ್ಯೋತಿಲಕ್ಷ್ಮಿಯ ಬೆನ್ನಿಗೆ ಇವತ್ತಿಗೂ ಗೊತ್ತಿತ್ತು.

ಇದೆಲ್ಲ ಸರಿ, ಆದರೆ ಆ ವರ್ಷ ಶ್ರಾವಣದ ಕೊನೇ ಮಂಗಳವಾರ ಊರಮ್ಮನಿಗೆ ಮೊದಲನೇ ಆರತಿ ತೆಗೆದುಕೊಂಡು ಹೋಗುವ ಸರದಿ ಇವರ ಮನೆಯದಾಗಿತ್ತು. ಆ ವಂಶದಲ್ಲಿ ಏಳು ಮನೆ, ವರ್ಷಕ್ಕೊಂದು ಮನೆಯಂತೆ ಸರದಿ. ತಂಬಿಟ್ಟಿನ ಆರತಿಯನ್ನು ತಲೆಯ ಮೇಲೆ ಹೊತ್ತು ಆ ಮನೆಯ ಸೊಸೆ ಮುಂದೆ ನಡೆದರೆ ಊರಿನ ಆರತಿಗಳೆಲ್ಲ ಅವಳ ಹಿಂದೆ. ಏಳು ವರ್ಷದ ಹಿಂದೆ ಸರದಿ ಬಂದಾಗ ಜ್ಯೋತಿಲಕ್ಷ್ಮಿ ಅದೇ ದಿನ ಮುಟ್ಟಾಗಿ, ಅಮ್ಮಯಮ್ಮ ಹೊತ್ತಿದ್ದಳು. ಅವತ್ತು ಹಿತ್ತಲಲ್ಲಿ ಕೂತು ತಮಟೆಯ ಸದ್ದು ಕೇಳಿದವಳು ಈ ವರ್ಷಕ್ಕಾಗಿ ಕಾದಿದ್ದಳು. ಹಸಿರು ಸೀರೆ ಯುಗಾದಿಗೇ ತೆಗೆದಿಟ್ಟಿದ್ದಳು. ಅಕ್ಕಿ ಬಿಸಿಲಿಗೆ ಹಾಕಿದ್ದಳು.

ಆರತಿಯ ಯಜಮಾನಿಕೆ ಆದಿನಾರಾಯಣಪ್ಪನದು. ಅಮ್ಮಯಮ್ಮನ ಗಂಡನ ಚಿಕ್ಕಪ್ಪನ ಮಗ, ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು, ಮೀಸೆಯಲ್ಲಿ ಮಾತ್ರ ದೊಡ್ಡವನು. ಹೆಂಗಸರು ಬಂದು ಹೋದ ಮಾರನೇ ದಿನವೇ ಅವನು ಕೆಂಪರಾಜನನ್ನು ಡೈರಿ ಹತ್ತಿರ ಹಿಡಿದಿದ್ದ.

"ಕೆಂಪ, ಆ ಹುಡುಗಿಗೆ ದಿನ ತುಂಬ್ತಾ ಐತೆ. ನಿನ್ನ ಮನೇಲಿ ಮಗು ಆದ್ರೆ ಹನ್ನೊಂದು ದಿನ ಪುರುಡು ಬರ್ತದೆ. ಪುರುಡಿರೋ ಮನೆಯಿಂದ ಆರತಿ ಎತ್ತೋ ಹಂಗಿಲ್ಲ. ಮೊದಲೇ ಕಳಿಸ್ಬಿಡು."

"ಬಾಡಿಗೆಯೋರ ಪುರುಡು ನಮಗೆ ಹೆಂಗೆ ಬರ್ತದೆ ಚಿಕ್ಕಪ್ಪ?"

"ಒಂದೇ ಸೂರು, ಒಂದೇ ಸಂಪಿನ ನೀರು. ನಾಳೆ ಊರಿಗೇನಾದ್ರೂ ಆದ್ರೆ ಯಾರ ಮೇಲೆ ಹಾಕ್ತಾರೆ?"

ಕೆಂಪರಾಜ ಕೆಟ್ಟವನಲ್ಲ. ಗೋದಾಮಿನಲ್ಲಿ ಸೂಪರ್‌ವೈಸರ್, ನೂರು ಜನರ ಕೈಲಿ ಕೆಲಸ ತೆಗೆಯುತ್ತಾನೆ, ಆದರೆ ಊರಿನ ನಾಲ್ಕು ಜನ ಕಟ್ಟೆಯ ಮೇಲೆ ಕೂತು ನೋಡಿದರೆ ಅವನಿಗೆ ಬೆವರುತ್ತದೆ. ಜೊತೆಗೆ ಹೆಂಡತಿಯ ಹಸಿರು ಸೀರೆಯೂ ಅವನ ತಲೆಯಲ್ಲಿತ್ತು. ಅವತ್ತೇ ಸಂಜೆ ಮಹಡಿ ಹತ್ತಿ ಖಾಲಿ ಮಾಡಿ ಅಂದ, ಬೂದಿಗೆರೆಯ ಬ್ರೋಕರ್ ಸಂಜೀವಪ್ಪನಿಗೆ ಹೊಸ ಬಾಡಿಗೆದಾರರನ್ನು ಹುಡುಕು ಅಂತ ಫೋನನ್ನೂ ಮಾಡಿದ. ಅಮ್ಮಯಮ್ಮ ಮಾತು ಬಿಟ್ಟಿದ್ದು ಆಗಲೇ.

ಮುಂದಿನ ಎರಡು ವಾರ ಮೇಲಿನವರು ಮನೆ ಹುಡುಕಿದರು, ಕೆಳಗಿನವರು ಜಗಳವಾಡಿದರು. ಪಟ್ಟಿಯಲ್ಲಿದ್ದ ಹೆಂಗಸರು ತಮ್ಮ ತಮ್ಮ ಸರದಿಯ ದಿನ ಬರುತ್ತಿದ್ದರು. ಒಬ್ಬಳು ಅಡುಗೆ ಮಾಡಿಟ್ಟರೆ ಮಾರನೇ ದಿನದವಳು ಅದೋರಾಳ ಕಾಲು ಒತ್ತಿ ಕೂದಲು ಹೆಣೆಯುತ್ತಿದ್ದಳು. ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬೇರೊಬ್ಬಳು. ಉಳಿದವರು ಹೆಣ್ಣೂರಿನಿಂದ ದೇವನಹಳ್ಳಿಯವರೆಗೆ ಬಾಡಿಗೆ ಬೋರ್ಡಿದ್ದ ಮನೆಗಳ ಬಾಗಿಲು ತಟ್ಟುತ್ತಿದ್ದರು. ಫೋನಿನಲ್ಲಿ ಖಾಲಿಯಿದ್ದ ಮನೆ ಮುಖ ನೋಡಿದ ಕೂಡಲೇ ಭರ್ತಿಯಾಗಿಬಿಡುತ್ತಿತ್ತು.

ಶ್ರಾವಣವಾದ್ದರಿಂದ ಕೆಳಗೆ ಮಾಂಸ ಮೀನು ಬಂದ್. ಮೇಲಿಂದ ಒಣಮೀನು, ಕಾಳುಮೆಣಸು ಕುದಿಯುವ ವಾಸನೆ ಮೆಟ್ಟಿಲಿಳಿದು ಬಂದಾಗ ಕೆಂಪರಾಜ ಸೊಪ್ಪಿನ ಸಾರಿನ ಮುಂದೆ ಕೂತು ನಿಟ್ಟುಸಿರು ಬಿಡುತ್ತಿದ್ದ.

"ಅಪ್ಪ, ಬೇಕಾದ್ರೆ ಒಂದು ಬಟ್ಟಲು ಇಸ್ಕೊಂಡು ಬರ್ಲಾ?" ಅನ್ನುತ್ತಿದ್ದಳು ಸಿಂಚನ.

"ಸುಮ್ನೆ ತಿನ್ನಮ್ಮ."

"ನಾವೇ ಮನೆ ಬಿಡಿಸ್ತಿರೋರ ಸಾರು ಗಂಟಲಲ್ಲಿ ಇಳಿಯಲ್ಲ ಬಿಡು. ಪಾಪ ಅಪ್ಪ."

ಕಾಳುಮೆಣಸು ಜಾಸ್ತಿ ಹಾಕಿದಾರೆ, ಬಸುರಿಗೆ ಅಷ್ಟು ಉಷ್ಣ ಒಳ್ಳೇದಲ್ಲ, ಹೆತ್ತ ಮೇಲಾದರೆ ಸರಿ, ಅಂತ ಅಮ್ಮಯಮ್ಮ ಕೆಳಗಿಂದಲೇ ತೀರ್ಪು ಕೊಡುತ್ತಿದ್ದಳು.

ಆರತಿಗೆ ಆರು ದಿನವಿದೆ ಅನ್ನುವಾಗ, ಬುಧವಾರ ಮಧ್ಯಾಹ್ನ, ಅದೋರಾಗೆ ನೋವು ಕಾಣಿಸಿತು. ಅವತ್ತಿನ ಸರದಿಯವಳು ಆಟೋ ಕರೆಸುವಷ್ಟರಲ್ಲಿ ಜ್ಯೋತಿಲಕ್ಷ್ಮಿ ಹಟ್ಟಿಯ ಕೆಲಸ ಬಿಟ್ಟು ಬಂದು ಹುಡುಗಿಯ ಕಂಕುಳಿಗೆ ಕೈಕೊಟ್ಟು ಇಳಿಸಿದಳು. ಸಂಜೆ ಹೊಸಕೋಟೆಯಿಂದ ಫೋನು ಬಂತು. ಹೆಣ್ಣು ಮಗು, ಆಪರೇಷನ್ ಆಗಿದೆ, ಇಬ್ಬರೂ ಚೆನ್ನಾಗಿದ್ದಾರೆ. ಅಮ್ಮಯಮ್ಮ ಸಕ್ಕರೆ ಡಬ್ಬಿ ತೆಗೆದು ಎಲ್ಲರ ಬಾಯಿಗೂ ಹಾಕಿದಳು. ಮಾತು ಬಿಟ್ಟಿದ್ದ ಮಗನ ಬಾಯಿಗೂ ಹಾಕಿದಳು, ಆದರೆ ಮುಖ ನೋಡಲಿಲ್ಲ.

ಶನಿವಾರ ತಾಯಿ ಮಗು ಮನೆಗೆ ಬಂದರು. ಭಾನುವಾರ ಬೆಳಿಗ್ಗೆ ಹೆಂಗಸರು ಬಂದು ಸಾಮಾನು ಕಟ್ಟತೊಡಗಿದರು. ಬೇರೆ ಮನೆ ಸಿಕ್ಕಿರಲಿಲ್ಲ. ಕೊತ್ತನೂರಿನಲ್ಲಿ ಪೇಷನ್ಸಳ ಒಂದೇ ರೂಮಿನಲ್ಲಿ ಆಗಲೇ ನಾಲ್ಕು ಜನ. ಇವರಿಬ್ಬರೂ ಅಲ್ಲೇ ಹೇಗೋ ಇರುವುದು ಅಂತ ತೀರ್ಮಾನವಾಗಿತ್ತು. ಜ್ಯೋತಿಲಕ್ಷ್ಮಿ ಮೇಲೆ ಹೋಗಿ ನೋಡಿದಳು. ಗೋಡೆಯ ಪಟ್ಟಿಯನ್ನು ಒಬ್ಬಳು ಹರಿಯದಂತೆ ಉಗುರಿನಿಂದ ಮೆಲ್ಲಗೆ ಬಿಡಿಸುತ್ತಿದ್ದಳು. ಅದೋರಾ ಹೊಟ್ಟೆಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಮಂಚದ ಅಂಚಿಗೆ ಕೂತಿದ್ದಳು. ಫೋನಿನೊಳಗೆ ಅವಳ ತಾಯಿ ಅಳುತ್ತಿದ್ದಳು.

"ಅಕ್ಕ, ಊಟ ಆಯ್ತಾ?" ಅಂದಳು ಅದೋರಾ. ಅವಳಿಗೆ ಗೊತ್ತಿದ್ದ ಕನ್ನಡ ಅದು. ಜ್ಯೋತಿಲಕ್ಷ್ಮಿ ಜಾರಿದ್ದ ಹೊದಿಕೆಯನ್ನು ಅವಳ ಹೆಗಲಿಗೆ ಎಳೆದು, ಇಳಿದುಬಂದಳು.

ಕೆಳಗೆ ಜಗಲಿಯ ಮೇಲೆ ಆದಿನಾರಾಯಣಪ್ಪ ಕಾಫಿ ಕುಡಿಯುತ್ತ ಕೂತಿದ್ದ. ಮೆಟ್ಟಿಲ ಬುಡದಲ್ಲಿ ಇಟ್ಟಿದ್ದ ಗಂಟುಗಳನ್ನು ನೋಡಿ ಅವನಿಗೆ ಸಮಾಧಾನವಾದಂತಿತ್ತು.

"ಸರಿಹೋಯ್ತು ಬಿಡು ಕೆಂಪ. ಇವತ್ತು ಹೋದ್ರೆ ಮನೆ ಸಾರಿಸಿ ಗಂಜಲ ಚಿಮುಕಿಸಿ, ಮಂಗಳವಾರ ಆರತಿ ಎತ್ತಬಹುದು."

ಅಮ್ಮಯಮ್ಮ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ಆದಿನಾರಾಯಣಪ್ಪ, ಒಂದು ಮಾತು ಕೇಳ್ತೀನಿ, ತಿಳಿದೋನು ಹೇಳು. ಪುರುಡು ಯಾರಿಗೆ ಬರ್ತದಪ್ಪ?"

"ಇದೇನತ್ತಿಗೆ, ಗೊತ್ತಿಲ್ವಾ? ಹುಟ್ಟಿದ ಮಗೀನ ಮನೆಯೋರಿಗೆ, ದಾಯಾದಿಗಳಿಗೆ."

"ಅಂದ್ರೆ ನಮ್ಮೋರಿಗೆ ಹುಟ್ಟಿದ್ರೆ ನಮಗೆ."

"ಹೂಂ ಮತ್ತೆ."

"ಹಂಗಾದ್ರೆ ಮೇಲುಗಡೆ ಮಗು ನಮ್ಮೋರದು ಅಂತ ನೀನೇ ಹೇಳ್ದಂಗಾಯ್ತು. ನಮ್ಮೋರ ಮನೇಲಿ ನಾಕ್ ದಿನದ ಬಾಣಂತೀನ, ಹೊಲಿಗೆ ಬಿಚ್ಚದೋಳ್ನ, ಆಟೋ ಹತ್ತಿಸಿ ಕಳ್ಸಿದ್ದು ನಿಮ್ಮ ವಂಶದಲ್ಲಿ ಯಾರು? ಹೆಸರು ಹೇಳು."

ಆದಿನಾರಾಯಣಪ್ಪನ ಮೀಸೆ ಅಲುಗಿತು. "ಹಂಗಲ್ಲ ಅತ್ತಿಗೆ. ಅವ್ರು ನಮ್ಮೋರಾ? ಅವ್ರು ನಮ್ಮೋರಲ್ಲ."

"ನಮ್ಮೋರಲ್ಲ ಅಂದ್ರೆ ಪುರುಡೂ ಇಲ್ಲ. ಮಂಗಳವಾರ ಆರತಿ ತರ್ತೀವಿ, ಅವ್ಳೂ ಮೇಲೇ ಇರ್ತಾಳೆ. ಎರಡ್ರಲ್ಲಿ ಒಂದು ಹೇಳಪ್ಪ. ಪುರುಡೂ ಬೇಕು, ಹುಡುಗಿ ಬ್ಯಾಡ ಅಂದ್ರೆ ಅದ್ಯಾವ ಶಾಸ್ತ್ರ?"

"ಊರು ಒಪ್ಪಲ್ಲ ಅತ್ತಿಗೆ," ಅಂದ ಅವನು, ಸಣ್ಣ ದನಿಯಲ್ಲಿ. "ಅವ್ಳು ಮೇಲಿದ್ರೆ ನಿಮ್ಮ ಆರತಿ ಹಿಂದೆ ಯಾರೂ ಬರಲ್ಲ. ನಂಗೇನು, ನಾನೊಬ್ಬ ಒಪ್ಪಿದ್ರೆ ಆಯ್ತಾ?"

ಕೆಂಪರಾಜ ಕಾಲಿನ ಹೆಬ್ಬೆರಳು ನೋಡುತ್ತ ನಿಂತಿದ್ದ. ಅಮ್ಮಯಮ್ಮ ಸೊಸೆಯ ಕಡೆ ತಿರುಗಿದಳು.

"ಆರತಿ ಹೊರೋಳು ನೀನು. ಏಳು ವರ್ಷ ಕಾದಿದೀಯ. ನೀನು ಹೆಂಗಂತೀಯೋ ಹಂಗೆ. ನಾನು ಬೇಜಾರು ಮಾಡ್ಕೊಳಲ್ಲ."

ಜ್ಯೋತಿಲಕ್ಷ್ಮಿ ಮೆಟ್ಟಿಲ ಕಡೆ ನೋಡಿದಳು. ಅರ್ಧದವರೆಗೆ ಇಳಿದು ಬಂದಿದ್ದ ಅದೋರಾ ಪೇಷನ್ಸಳ ಭುಜ ಹಿಡಿದು ನಿಂತಿದ್ದಳು. ಮಗು ಪೇಷನ್ಸಳ ತೋಳಿನಲ್ಲಿತ್ತು. ಹುಡುಗಿಗೆ ಕನ್ನಡ ಅಷ್ಟಕ್ಕಷ್ಟೇ, ಆದರೆ 'ನಮ್ಮೋರಲ್ಲ' ಅನ್ನುವುದು ಅವಳಿಗೆ ಅರ್ಥವಾಗಿತ್ತು. ಈ ಮನೆ ಸಿಗುವ ಮುಂಚೆ ತಟ್ಟಿದ ಬಾಗಿಲುಗಳಲ್ಲೆಲ್ಲ ಅವಳು ಕೇಳಿದ ಮಾತು ಅದೇ.

ಜ್ಯೋತಿಲಕ್ಷ್ಮಿಗೆ ಹಸಿರು ಸೀರೆಯ ಆಸೆ ಇಲ್ಲದಿರಲಿಲ್ಲ. ಇನ್ನು ಏಳು ವರ್ಷಕ್ಕೆ ತಾನು ಹೇಗಿರುತ್ತೇನೋ, ಸರದಿ ಇರುತ್ತದೋ ಇಲ್ಲವೋ ಅಂತಲೂ ಅನ್ನಿಸಿತು. ಕಣ್ಣು ತುಂಬಿಬಂತು.

"ಚಿಕ್ಕಮಾವ," ಅಂದಳು, "ನಮ್ಮ ಮನೇಲಿ ಪುರುಡು. ಈ ಸಲ ಆರತಿಗೆ ನಾವು ಬರೋ ಹಂಗಿಲ್ಲ. ನಿಮ್ಮ ಮನೆಯಿಂದಾನೇ ಎತ್ತಿಸ್ಬಿಡಿ."

ಆದಿನಾರಾಯಣಪ್ಪ ಟವಲು ಕೊಡವಿಕೊಂಡು ಎದ್ದ. ಚಪ್ಪಲಿ ಮೆಟ್ಟಿಕೊಂಡು ಹೊರಟ. ಪುರುಡಿನ ಮನೆಯಲ್ಲಿ ಆಗಲೇ ಕಾಫಿ ಕುಡಿದುಬಿಟ್ಟಿದ್ದೇನೆ ಅನ್ನುವುದು ಅವನಿಗೆ ಗೇಟಿನ ಹತ್ತಿರ ಹೊಳೆದಿರಬೇಕು. ಒಂದು ಗಳಿಗೆ ನಿಂತು, ಮತ್ತೆ ನಡೆದ.

"ಆ ಗಂಟು ಮೇಲೆ ತಗೊಂಡು ಹೋಗ್ರೇ," ಅಂದಳು ಅಮ್ಮಯಮ್ಮ ಹೆಂಗಸರಿಗೆ. ಸಿಂಚನ ತಿರುಗಿಸಿ ಹೇಳಬೇಕಾಗಲಿಲ್ಲ. ಪೇಷನ್ಸ್ ಮಗುವನ್ನು ಅಮ್ಮಯಮ್ಮನ ಕೈಗಿಟ್ಟು, ಮೆಟ್ಟಿಲ ಮೇಲೆಯೇ ಕೂತು ಸೆರಗಿಲ್ಲದ್ದಕ್ಕೆ ತಲೆಯ ಬಟ್ಟೆಯನ್ನೇ ಬಿಚ್ಚಿ ಕಣ್ಣೊರೆಸಿಕೊಂಡಳು.

ಕೆಂಪರಾಜ ಯಾರಿಗೂ ಹೇಳದೆ ಗಾಡಿ ಹತ್ತಿ ಹೋದ. ಮಾತು ಕೇಳಲಾಗದೆ ಹೋದ ಅಂತ ಜ್ಯೋತಿಲಕ್ಷ್ಮಿ ಅಂದುಕೊಂಡಳು. ಮಧ್ಯಾಹ್ನ ಒಂದು ಲಗೇಜ್ ಆಟೋ ಬಂತು, ಅದರ ತುಂಬ ಸರ್ವೆ ಸೌದೆ. ಹಿಂದೆಯೇ ಬಂದ ಕೆಂಪರಾಜ ಸೌದೆಯನ್ನು ಬಚ್ಚಲ ಹಿಂದೆ ಜೋಡಿಸತೊಡಗಿದ.

"ಹಂಡೆಗೆ ಗ್ಯಾಸ್ ಸಾಲಲ್ಲ," ಅಂದ, ಯಾರೂ ಕೇಳದಿದ್ದರೂ.

"ಲೋ ಕೆಂಪ," ಅಂದಳು ಅಮ್ಮಯಮ್ಮ. ಮೂರು ವಾರಕ್ಕೆ ಮಗನನ್ನು ನೇರವಾಗಿ ಕರೆದದ್ದು ಅದೇ ಮೊದಲು. "ಹಸಿ ಸೌದೆ ತಂದಿದೀಯಲ್ಲೋ. ಹೊಗೆ ಬರ್ತದೆ ಕಣೋ, ಒಣಗಿದ್ದು ನೋಡಿ ತರೋಕೆ ಏನಾಗಿತ್ತು ನಿಂಗೆ?"

"ಬೈಯಿ ಬೈಯಿ," ಅಂದ ಕೆಂಪರಾಜ. ಅವನ ಮುಖ ಅರಳಿತ್ತು.

ಮಂಗಳವಾರ ಆರತಿ ಹೋಯಿತು. ಜ್ಯೋತಿಲಕ್ಷ್ಮಿ ಏಳು ವರ್ಷದ ಹಿಂದಿನಂತೆಯೇ ಹಿತ್ತಲಲ್ಲಿ ಕೂತು ತಮಟೆ ಕೇಳಿದಳು. ದುಃಖವಾಯಿತು, ಇಲ್ಲ ಅನ್ನಬಾರದು. ಆದರೆ ಈ ಸಲ ಮಡಿಲಲ್ಲಿ ಮಗುವಿತ್ತು. ಬಿಸಿನೀರಿನಲ್ಲಿ ಮಿಂದು ಮಲಗಿದ ಕೂಸು ತಮಟೆಯ ಸದ್ದಿಗೂ ಏಳಲಿಲ್ಲ. ಮೇಲಿನ ಗೋಡೆಗೆ ಪಟ್ಟಿ ಮತ್ತೆ ಅಂಟಿಕೊಂಡಿತ್ತು. ಅದರಲ್ಲಿ ಸೋಮವಾರ ಮತ್ತು ಗುರುವಾರದ ಮುಂದೆ ಸಿಂಚನಳ ಅಕ್ಷರದಲ್ಲಿ ಎರಡು ಕನ್ನಡ ಹೆಸರು ಸೇರಿದ್ದವು.

ಪುರುಡಿನ ಹನ್ನೊಂದು ದಿನ ತುಂಬುವವರೆಗೆ ಮನೆಯಲ್ಲಿ ದೇವರ ದೀಪ ಹಚ್ಚಲಿಲ್ಲ, ಜಗಳಕ್ಕೆ ಮಾತ್ರ ಬಿಡುವಿರಲಿಲ್ಲ. ಪೇಷನ್ಸ್ ಬಿಸಿನೀರಿನ ಟವಲಿನಿಂದ ಬಾಣಂತಿಯ ಕೈಕಾಲು ಸೊಂಟ ಒತ್ತಿದರೆ ಅಮ್ಮಯಮ್ಮನಿಗೆ ಸಾಲದು. "ಇನ್ನೂ ಬಿಸಿ ಇರ್ಬೇಕು ಕಣಮ್ಮ." ಅಮ್ಮಯಮ್ಮ ಕಾಲು ಚಾಚಿ ಮಗುವಿಗೆ ನೀರು ಹುಯ್ದರೆ ಪೇಷನ್ಸ್‌ಗೆ ಭಯ. "ಸಾಕು ಅಜ್ಜಿ, ಸಾಕು." ಹೊಲಿಗೆಯ ಹತ್ತಿರ ಮಾತ್ರ ಬಿಸಿ ತಾಗಿಸಬಾರದು ಅಂತ ಡಾಕ್ಟರು ಹೇಳಿದ್ದನ್ನು ಸಿಂಚನ ದಿನಾ ಎರಡು ಭಾಷೆಯಲ್ಲಿ ಕೂಗುತ್ತಿದ್ದಳು. ಫೋನಿನೊಳಗಿನ ಅಜ್ಜಿ ದೂರದಿಂದ ಇಬ್ಬರಿಗೂ ಬುದ್ಧಿ ಹೇಳುತ್ತಿದ್ದಳು. ಅವಳ ಮಾತು ಅಮ್ಮಯಮ್ಮನಿಗೆ ಒಂದಕ್ಷರ ಗೊತ್ತಾಗದಿದ್ದರೂ "ನೋಡು, ಅವ್ರೂ ನಾನ್ ಹೇಳಿದ್ದೇ ಹೇಳ್ತಾವ್ರೆ" ಅನ್ನುತ್ತಿದ್ದಳು.

ಹನ್ನೊಂದನೇ ದಿನ ಮನೆ ತೊಳೆದು ಎಲ್ಲರೂ ತಲೆಗೆ ನೀರು ಹಾಕಿಕೊಂಡರು. ಹದಿಮೂರು ಜನವೂ ಬಂದರು, ಈ ಸಲ ಜಗಲಿಯ ಮೇಲೇ ಹಾಡಿದರು. ಮಗುವಿಗೆ ನ್ನೇಕಾ ಅಂತ ಹೆಸರಿಟ್ಟರು. ತಾಯಿಯೇ ದೊಡ್ಡವಳು ಅಂತ ಅದರ ಅರ್ಥವಂತೆ. ಆದಿನಾರಾಯಣಪ್ಪ ಬರಲಿಲ್ಲ. ಅವನ ಹೆಂಡತಿ ಮುತ್ತಮ್ಮ ಮಾತ್ರ ಹಿತ್ತಲ ಬಾಗಿಲಿನಿಂದ ಬಂದು, ಒಂದು ಹಳದಿ ಫ್ರಾಕನ್ನೂ ಆರತಿಯ ಎರಡು ತಂಬಿಟ್ಟನ್ನೂ ಜ್ಯೋತಿಲಕ್ಷ್ಮಿಯ ಕೈಗಿಟ್ಟಳು. ಜ್ಯೋತಿಲಕ್ಷ್ಮಿ ಅವತ್ತು ಹಸಿರು ಸೀರೆ ಉಟ್ಟಿದ್ದಳು.

ಎಲೆ ಹಾಕುವ ಹೊತ್ತಿಗೆ ಕೆಂಪರಾಜನ ಫೋನು ಹೊಡೆದುಕೊಂಡಿತು. ಬ್ರೋಕರ್ ಸಂಜೀವಪ್ಪ. ಮನೆ ಯಾವತ್ತು ಖಾಲಿ ಆಗುತ್ತೆ, ಒಳ್ಳೇ ಪಾರ್ಟಿ ಇದೆ, ಇವತ್ತೇ ಬಂದು ನೋಡ್ತಾರಂತೆ ಅಂತ ಅವನು ಕೂಗಿ ಹೇಳುತ್ತಿದ್ದದ್ದು ಪಕ್ಕದಲ್ಲಿದ್ದ ಜ್ಯೋತಿಲಕ್ಷ್ಮಿಗೂ ಕೇಳಿಸಿತು. ಅವಳು ಸಾರಿನ ಸೌಟು ಹಿಡಿದು ಹಾಗೇ ನಿಂತಳು.

ಕೆಂಪರಾಜ ಒಂದು ಸಲ ಮೆಟ್ಟಿಲ ಕಡೆ ನೋಡಿ, ಹಾಡಿನ ಗದ್ದಲದಲ್ಲಿ ಕೇಳಲಿ ಅಂತ ದನಿಯೆತ್ತಿ ಹೇಳಿದ.

"ಇಲ್ಲ ಸಂಜೀವಪ್ಪಣ್ಣ. ಮನೇಲಿ ಬಾಣಂತಿ ಇದಾಳೆ."